ದೊರೆಯ ಮುಖದ ಸಿಡುಬಿನ ಕಲೆ ಮತ್ತು ಕೇಸ್ ಶೀಟಿನ ಮೊದಲ ಸಾಲು

ಕೃಷ್ಣದೇವರಾಯನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು. ಈ ವಿಷಯ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ನಾ ಕಾಣೆ. ತಿರುಪತಿ ದೇವಸ್ಥಾನದಲ್ಲಿ ಇಬ್ಬರು ರಾಣಿಯರ ಜತೆ ಕೈ ಮುಗಿದು ನಿಂತ ಅವನ ಲೋಹದ ವಿಗ್ರಹ ಇದೆಯಲ್ಲ, ಅದರ ಕೆನ್ನೆ ನುಣ್ಣಗಿದೆ. 1970ರ ಸಿನಿಮಾದಲ್ಲಿ ರಾಜಕುಮಾರ್ ಮುಖದ ವಿಷಯವಂತೂ ಕೇಳಲೇಬೇಡಿ!

ಇದನ್ನು ಬರೆದಿಟ್ಟವನು ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ. ಸುಮಾರು 1520-22ರಲ್ಲಿ ಹಂಪಿಗೆ ಬಂದಿದ್ದ. ದೊರೆ ಮಧ್ಯಮ ಎತ್ತರದವನು, ಬಿಳಿ ಮೈಬಣ್ಣ, ಸ್ವಲ್ಪ ದಪ್ಪ ಅನ್ನಬಹುದಾದ ಮೈಕಟ್ಟು, ಮುಖದಲ್ಲಿ ಸಿಡುಬಿನ ಗುರುತು ಅಂತ ಬರೆದ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು ಸಾಮು ಮಾಡುತ್ತಿದ್ದ ಅಂತಲೂ ಬರೆದ. ಅವನಾದ ಮೇಲೆ ಬಂದ ಕುದುರೆ ವ್ಯಾಪಾರಿ ನೂನಿಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೃಷ್ಣದೇವರಾಯ ಸತ್ತದ್ದು ತೊಡೆಸಂದಿನ ನೋವಿನ ಕಾಯಿಲೆಯಿಂದ, ಅವನ ಹಿರಿಯರೆಲ್ಲ ಸತ್ತದ್ದೂ ಅದರಿಂದಲೇ, ಈ ರಾಜರ ಮನೆತನಕ್ಕೇ ಅಂಟಿದ ರೋಗ ಅದು ಅನ್ನೋ ಅರ್ಥದಲ್ಲಿ ಬರೆದಿಟ್ಟ. ಎರಡೂ ಬರಹಗಳು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು, 1900ರಲ್ಲಿ ರಾಬರ್ಟ್ ಸೆವೆಲ್ ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಲೋಕಕ್ಕೆಲ್ಲ ಗೊತ್ತಾಯಿತು.

ದೊರೆಗೆ ಇದರಿಂದ ಏನೂ ನಷ್ಟವಾಗಲಿಲ್ಲ. ಸತ್ತು ಶತಮಾನಗಳಾಗಿದ್ದವು. ಬದುಕಿದ್ದಾಗಲೂ ಅವನ ರೋಗದ ಸುದ್ದಿ ಕೇಳಿ ಯಾರೂ ಹೆಣ್ಣು ಕೊಡೋದು ನಿಲ್ಲಿಸುತ್ತಿರಲಿಲ್ಲ ಅನ್ನಿ. ಆದರೆ ಅದೇ ಮಾತನ್ನು ಇವತ್ತು ಕಂಪ್ಲಿಯಲ್ಲೋ ಸಂಡೂರಿನಲ್ಲೋ ಇರುವ ಒಂದು ಬಡ ಮನೆಯ ಬಗ್ಗೆ ಬರೆದು ನೋಡಿ. "ಈ ಮನೆಯವರಿಗೆಲ್ಲ ಇದೇ ಕಾಯಿಲೆ" ಅಂತ ಒಂದು ಸಾಲು. ಆ ಮನೆಯ ಹುಡುಗಿಯ ಮದುವೆ ಅಲ್ಲಿಗೆ ನಿಂತಿತು.

ಈಗ ಯಾಕೆ ಈ ಪೀಠಿಕೆ ಅಂದರೆ, ಇತ್ತೀಚೆಗೆ ವೈದ್ಯಕೀಯ ಓದುವ ಹುಡುಗ ಹುಡುಗಿಯರು, ಹೌಸ್ ಸರ್ಜನ್ನುಗಳು ಕನ್ನಡದಲ್ಲಿ ತುಂಬಾ ಚೆನ್ನಾಗಿ ಬರೆಯುತ್ತಿದ್ದಾರೆ. ಮೊದಲ ಹೆರಿಗೆ, ಮೊದಲ ಸಾವು, ರಾತ್ರಿ ಡ್ಯೂಟಿ, ಹಾವು ಕಚ್ಚಿಸಿಕೊಂಡು ಬಂದವರು, ಔಷಧಿ ಕುಡಿದು ಬಂದವರು. ನಾನು ಡಾಕ್ಟರಲ್ಲ, ಹಳೇ ಪುಸ್ತಕ ಓದೋ ಚಟದವನು ಅಷ್ಟೇ. ಆದರೂ ಈ ಬರಹಗಳು ಎಲ್ಲಿ ಸಿಕ್ಕರೂ ಬಿಡದೆ ಓದುತ್ತೇನೆ. ಹಾಗೆ ಓದುವಾಗ ಒಂದು ಬರಹ ಸಿಕ್ಕಿತು. ಬರೆದವರು ಯಾರು, ಆಸ್ಪತ್ರೆ ಯಾವುದು, ಏನು ರೋಗ, ಇದ್ಯಾವುದನ್ನೂ ನಾನಿಲ್ಲಿ ಹೇಳೋದಿಲ್ಲ. ರೋಗಿಯ ಹೆಸರು ಬದಲಿಸಿದ್ದೇನೆ ಅಂತ ಅವರು ಮೊದಲೇ ಹೇಳಿಕೊಂಡಿದ್ದರು. ಆದರೆ ಊರು ಇತ್ತು, ಮಾಡುವ ಕೆಲಸ ಇತ್ತು, ಯಾವ ಜಾತ್ರೆಯ ಮಾರನೇ ದಿನ ಅಡ್ಮಿಟ್ ಆದರು ಅಂತಲೂ ಇತ್ತು. ನಾಲ್ಕನೇ ಸಾಲಿಗೆ ಬರುವ ಹೊತ್ತಿಗೆ ನನಗೆ ಆ ಮನೆಯ ಬಾಗಿಲು ಕಣ್ಣಿಗೆ ಕಟ್ಟಿತು. ನಮ್ಮ ಕಡೆಯ ಇನ್ನೊಬ್ಬರಿಗೆ ತೋರಿಸಿದ್ದರೆ "ಅಯ್ಯೋ, ಅದು ಇಂಥೋರ ಸೊಸಿ ಅಲ್ಲೇನ್ರೀ" ಅನ್ನುತ್ತಿದ್ದರು. ಅದಕ್ಕೇ ತೋರಿಸಲಿಲ್ಲ.

ಆ ಬರಹದಲ್ಲಿ ಕೆಟ್ಟ ಉದ್ದೇಶ ಒಂದಿಷ್ಟೂ ಇರಲಿಲ್ಲ. ರೋಗಿಯ ಮೇಲೆ ಕರುಣೆಯೇ ಇತ್ತು. ಆದರೂ ಹೀಗಾಯಿತಲ್ಲ, ಎಲ್ಲಿ ತಪ್ಪಿತು ಅಂತ ಯೋಚಿಸುತ್ತಾ ಹೋದೆ. ಹಾಗೆ ಹಳೇ ಕಾಲದವರು ಏನು ಮಾಡುತ್ತಿದ್ದರು ಅಂತ ಹುಡುಕಿದಾಗ ಸಿಕ್ಕಿದ್ದು ಇದು.

*

ಮೊದಲು ಚರಕ ಸಂಹಿತೆ. ಅದರ ವಿಮಾನಸ್ಥಾನದ 8ನೇ ಅಧ್ಯಾಯದಲ್ಲಿ ಗುರು ತನ್ನ ಹೊಸ ಶಿಷ್ಯನಿಗೆ ಅಗ್ನಿ, ಬ್ರಾಹ್ಮಣರು, ವೈದ್ಯರ ಎದುರಿಗೆ ಕೊಡುವ ಉಪದೇಶ ಇದೆ. ಅಂದರೆ ಇದು ಪಳಗಿದ ವೈದ್ಯನಿಗಲ್ಲ, ಓದಲು ಬಂದ ಹುಡುಗನಿಗೆ ಮೊದಲ ದಿನವೇ ಹೇಳುವ ಮಾತು. ರೋಗಿಯ ಮನೆಗೆ ಹೋಗುವಾಗ ಆ ಮನೆಗೆ ಗೊತ್ತಿರುವವನ ಜತೆ, ಒಪ್ಪಿಗೆ ಪಡೆದು ಹೋಗು. ಒಳಗೆ ಹೋದ ಮೇಲೆ ನಿನ್ನ ಮಾತು, ಮನಸ್ಸು, ಬುದ್ಧಿ ರೋಗಿಯ ಮೇಲೇ ಇರಲಿ. ಆ ಮನೆಯ ಸಮಾಚಾರವನ್ನು ಹೊರಗೆ ಆಡಬೇಡ. ಇದು ಅದರ ಸಾರಾಂಶ. ಇಲ್ಲಿ ಗಮನಿಸಿ, ಗುಟ್ಟು ಇಡಬೇಕಾದ್ದು ರೋಗವೊಂದನ್ನೇ ಅಲ್ಲ, ಆ *ಮನೆಯ* ಸಮಾಚಾರವನ್ನು.

ಗ್ರೀಕರ ಹಿಪ್ಪಾಕ್ರಟೀಸನ ಪ್ರಮಾಣವಚನದಲ್ಲೂ ಇಂಥದ್ದೇ ಮಾತಿದೆ. ಆದರೆ ಒಂದು ತಮಾಷೆ ನೋಡಿ. ಅದೇ ಹಿಪ್ಪಾಕ್ರಟೀಸನ ಹೆಸರಿನಲ್ಲಿರುವ 'ಎಪಿಡೆಮಿಕ್ಸ್' ಅನ್ನೋ ಗ್ರಂಥದ ಮೊದಲ ಮತ್ತು ಮೂರನೇ ಭಾಗಗಳಲ್ಲಿ 42 ರೋಗಿಗಳ ವಿವರ ಇದೆ. ಬಹಳಷ್ಟು ಕಡೆ ಹೆಸರೂ ಇದೆ, ವಿಳಾಸವೂ ಇದೆ. ಗೋಡೆಯ ಪಕ್ಕದಲ್ಲಿ ವಾಸವಿದ್ದವನು, ಇಂಥ ಗುಡಿಯ ಹತ್ತಿರ ಇದ್ದವನು ಅಂತ. ಒಂದು ಕಡೆ ಗುಟ್ಟು ಕಾಪಾಡುವ ಪ್ರಮಾಣ, ಇನ್ನೊಂದು ಕಡೆ ಮನೆ ಗುರುತು ಸಮೇತ ಕೇಸು! ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಈ ಜಗ್ಗಾಟ ಶುರುವಾಗಿತ್ತು ಅಂತಾಯಿತು.

ನಮ್ಮ ಕನ್ನಡದ ಹಳೇ ವೈದ್ಯಗ್ರಂಥಗಳಿಗೆ ಈ ತೊಂದರೆಯೇ ಬರಲಿಲ್ಲ. ವಿಜಯನಗರ ಆಗಷ್ಟೇ ತಲೆಯೆತ್ತುತ್ತಿದ್ದ 14ನೇ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ' ಬರೆದ. ಅದು ವಿಷ ಮತ್ತು ಮದ್ದುಗಳ ಗ್ರಂಥ, ವಿಷ ತಗುಲಿಸಿಕೊಂಡವರ ಕತೆಗಳ ಗ್ರಂಥ ಅಲ್ಲ. ಶಾಸ್ತ್ರ ಅಂದರೆ ಎಲ್ಲರಿಗೂ ಅನ್ವಯಿಸುವ ಮಾತು. ಒಬ್ಬ ರೋಗಿಯ ಕತೆ ಹೇಳಲು ಶುರು ಮಾಡಿದಾಗಲೇ ಗುಟ್ಟಿನ ಪ್ರಶ್ನೆ ಹುಟ್ಟೋದು.

*

ರೋಗಿಯ ಕತೆ ಅಚ್ಚಾಗಿ ಊರೂರು ಸುತ್ತಿದ ಹಳೇ ಪ್ರಸಂಗಗಳಲ್ಲಿ ಒಂದಕ್ಕೆ ನಮ್ಮ ಕರ್ನಾಟಕದ ನಂಟಿದೆ. ಮೂರನೇ ಮೈಸೂರು ಯುದ್ಧದ ಕಾಲ. ಇಂಗ್ಲಿಷರ ಸೈನ್ಯದ ಒಬ್ಬ ಎತ್ತಿನ ಗಾಡಿಯವನು 1792ರಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕ. ಅವನ ಮೂಗು ಮತ್ತು ಒಂದು ಕೈ ಕತ್ತರಿಸಲಾಯಿತು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ ಒಬ್ಬ ದೇಶೀ ವೈದ್ಯ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. ಇದರ ವಿವರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಚಿತ್ರ ಸಮೇತ ಬಂತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನದಲ್ಲಿ ಮೂಗು ಕಟ್ಟಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರು ಯಾರೂ ಈ ಪ್ರಸಂಗ ಬಿಡೋದಿಲ್ಲ.

ಆ ಪತ್ರಿಕೆಯಲ್ಲಿ ಯಾರ ಯಾರ ಹೆಸರು ಇತ್ತು ಅಂತ ಲೆಕ್ಕ ಹಾಕಿ. ರೋಗಿಯ ಹೆಸರು ಪೂರ್ತಿ ಇತ್ತು. ಅವನ ಮುಖದ ಚಿತ್ರ ಇತ್ತು. ಮೂಗು ಕಟ್ಟಿದ ವೈದ್ಯನ ಹೆಸರು ಇರಲಿಲ್ಲ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇನ್ನು ಬರೆದ ಮಹಾನುಭಾವ? ಪತ್ರದ ಕೊನೆಗೆ 'ಬಿ.ಎಲ್.' ಅಂತ ಎರಡೇ ಅಕ್ಷರ!

ಇದನ್ನು ಓದಿದಾಗ ನಗು ಬಂತು, ಆಮೇಲೆ ಸುಮ್ಮನಾದೆ. ನಾವು ಬರೆಯುವವರು ಮಾಡುವುದೂ ಇದೇ ಅಲ್ಲವೇ? ಕಾವ್ಯನಾಮ ಇಟ್ಟುಕೊಂಡು ನಮ್ಮ ಹೆಸರು ಮುಚ್ಚಿಕೊಳ್ಳುತ್ತೇವೆ. ಕತೆಯಲ್ಲಿ ಬರುವವನು ಮಾತ್ರ ಬೀದಿಯಲ್ಲಿ ನಿಂತಿರುತ್ತಾನೆ. (ಆ ಗಾಡಿಯವನ ಹೆಸರು ಯಾವ ಪುಸ್ತಕ ತೆರೆದರೂ ಸಿಗುತ್ತೆ. ನಾನೂ ಇನ್ನೊಮ್ಮೆ ಬರೆಯೋದು ಬೇಡ ಅನ್ನಿಸಿತು, ಅಷ್ಟೇ.) ಆ ಮನುಷ್ಯನ ಮೂಗು ಕುಯ್ದದ್ದೇ ಊರೆದುರು ಅವಮಾನ ಆಗಲಿ ಅಂತ. ಹೊಸ ಮೂಗು ಬಂದ ಮೇಲೆ ಆ ಅವಮಾನ ಮರೆತು ಬದುಕಬೇಕು ಅಂತ ಅವನಿಗೆ ಅನ್ನಿಸಿತ್ತೋ ಏನೋ, ಯಾರು ಕೇಳಿದರು?

ಹಾಗಂತ ಹೆಸರು ಬಿಟ್ಟ ಮಾತ್ರಕ್ಕೆ ಮರ್ಯಾದೆ ಉಳಿಯಿತು ಅಂತಲೂ ಅಲ್ಲ. 1876-78ರ ಮಹಾ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಬರದ ಕಾಲದಲ್ಲಿ ವಿಲಬಿ ಹೂಪರ್ ಅನ್ನೋ ಸೈನ್ಯಾಧಿಕಾರಿ ಪ್ರಾಂತ್ಯದಲ್ಲಿ ತೆಗೆದ ಫೋಟೋಗಳನ್ನು ನೀವೂ ನೋಡಿರಬಹುದು. ಎಲುಬು ಚರ್ಮ ಉಳಿದವರನ್ನು ಸಾಲಾಗಿ ಕೂರಿಸಿ ತೆಗೆದವು. ತೆಗೆದವನ ಹೆಸರು ನಮಗೆ ಗೊತ್ತು, ಕೂತವರ ಹೆಸರು ಗೊತ್ತಿಲ್ಲ. ಆದರೆ ಆ ಮುಖಗಳು ನೂರೈವತ್ತು ವರ್ಷದಿಂದ ನಮ್ಮನ್ನು ನೋಡುತ್ತಲೇ ಇವೆ. ಬೇಡ ಅನ್ನುವ ಶಕ್ತಿ ಅವರಿಗೆ ಇರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರ ಸ್ಥಿತಿಯೂ ಹೆಚ್ಚು ಕಡಿಮೆ ಹಾಗೇ. ಡಾಕ್ಟರು ಮೊಬೈಲ್ ಎತ್ತಿ "ಒಂದು ಫೋಟೋ ತೆಗೀಲಾ ಅಮ್ಮಾ" ಅಂದರೆ, ಔಷಧಿ ಕೊಡುವ ಕೈಗೆ ಯಾರು ಬೇಡ ಅಂದಾರು?

*

ಈಗ ನಮ್ಮೂರಿನ ಕಡೆಗೆ ಬರೋಣ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 1961ರಲ್ಲಿ. ಆಮೇಲೆ ಬಹಳ ಕಾಲ ವಿಮ್ಸ್ ಅಂತಲೇ ಜನರ ಬಾಯಲ್ಲಿ ಇತ್ತು. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯಿಂದ ದೊಡ್ಡ ಕಾಯಿಲೆ ಅಂದರೆ "ಬಳ್ಳಾರಿಗೆ ಒಯ್ದರು" ಅಂತಲೇ ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ, ಹಂಪಿ ಅಲ್ಲಿಗೆ ಸೇರಿದವು, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಒಡೆದರೂ ಬಳ್ಳಾರಿಯ ದಾರಿ ಜನರಿಗೆ ಮರೆತಿಲ್ಲ.

ಎಲ್ಲ ಕಡೆಯಂತೆ ಅಲ್ಲಿಯೂ ವಿದ್ಯಾರ್ಥಿ ಕಲಿಯುವ ಮೊದಲ ಪಾಠ ಕೇಸ್ ಬರೆಯೋದು. ಕೇಸ್ ಶೀಟಿನ ಮೊದಲ ಸಾಲು ಏನು? ಹೆಸರು, ವಯಸ್ಸು, ಗಂಡೋ ಹೆಣ್ಣೋ, ಕಸುಬು, ಊರು. ಕಸುಬು ಕೇಳುವುದರ ಹಿಂದೆಯೂ ಒಂದು ಚರಿತ್ರೆ ಇದೆ. ಇಟಲಿಯ ರಾಮಝಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಬರೆದು, ವೈದ್ಯರು ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ "ನಿನ್ನ ಕಸುಬೇನು" ಅನ್ನುವುದನ್ನೂ ಸೇರಿಸಿ ಅಂದ. ನಮ್ಮ ಕಡೆ ಅದು ಎಷ್ಟು ನಿಜ ಅಂತ ಯಾರನ್ನು ಬೇಕಾದರೂ ಕೇಳಿ. ಸಂಡೂರಿನ ಗಣಿಯಲ್ಲಿ ದುಡಿದವನ ಕೆಮ್ಮು ಬೇರೆ, ಕಂಪ್ಲಿಯ ಭತ್ತದ ಗದ್ದೆಗೆ ಎಣ್ಣೆ ಹೊಡೆದು ಬಂದವನ ವಾಂತಿ ಬೇರೆ. ಕಸುಬು, ಊರು ಗೊತ್ತಾಗದೆ ರೋಗ ಗೊತ್ತಾಗೋದಿಲ್ಲ.

ಗಂಟು ಇರುವುದೇ ಇಲ್ಲಿ ಅಂತ ನನಗೆ ಅನ್ನಿಸುತ್ತೆ. ವೈದ್ಯನಾಗಲು ಮೊದಲು ಕೇಳಬೇಕಾದ ಆ ಒಂದು ಸಾಲೇ, ಬರೆಯುವಾಗ ಮೊದಲು ಅಳಿಸಬೇಕಾದ ಸಾಲು. ಹೆಸರೊಂದನ್ನೇ ಅಲ್ಲ, ಪೂರ್ತಿ ಸಾಲನ್ನು. ಹುಡುಗರು ಹೆಸರನ್ನು ಮಾತ್ರ ಅಳಿಸಿ ಉಳಿದದ್ದನ್ನು ಹಾಗೇ ಬಿಡುತ್ತಾರೆ. ಯಾಕೆಂದರೆ ಕೇಸ್ ಹೇಳೋದು ಅಂದರೆ ಹಾಗೇ ಅಂತ ಕೈಗೆ ಅಭ್ಯಾಸವಾಗಿರುತ್ತೆ.

ದೊಡ್ಡ ಊರಿನಲ್ಲಿ ಇದರಿಂದ ಅಷ್ಟು ತೊಂದರೆ ಆಗಲಿಕ್ಕಿಲ್ಲ ಅಂದುಕೊಂಡಿದ್ದೆ. ಅದೂ ಸುಳ್ಳು. ಲಟಾನ್ಯ ಸ್ವೀನಿ ಅನ್ನೋ ಅಮೆರಿಕದ ಸಂಶೋಧಕಿ 2000ದಲ್ಲಿ ತೋರಿಸಿದ ಲೆಕ್ಕದ ಪ್ರಕಾರ, ಪಿನ್‌ಕೋಡಿನಂಥ ಅಂಚೆ ಸಂಖ್ಯೆ, ಹುಟ್ಟಿದ ತಾರೀಕು, ಲಿಂಗ ಈ ಮೂರೇ ಗೊತ್ತಿದ್ದರೆ ಸಾಕು, ಆ ದೇಶದ ಜನರಲ್ಲಿ ನೂರಕ್ಕೆ 87 ಮಂದಿಯನ್ನು ಬೇರೆಯಾಗಿ ಗುರುತಿಸಬಹುದು. ಅದಕ್ಕೂ ಮೊದಲು ಆಕೆ ಮ್ಯಾಸಚೂಸೆಟ್ಸ್ ರಾಜ್ಯದವರು ಹೆಸರು ತೆಗೆದು ಕೊಟ್ಟಿದ್ದ ಆಸ್ಪತ್ರೆ ದಾಖಲೆಗಳಲ್ಲಿ ಆ ರಾಜ್ಯದ ಗವರ್ನರ್ ಯಾರು ಅಂತಲೇ ಹುಡುಕಿ ತೆಗೆದಿದ್ದಳು!

ಅಲ್ಲಿ ಕಂಪ್ಯೂಟರ್ ಬೇಕಾಯಿತು. ನಮ್ಮಲ್ಲಿ ಚಹಾದ ಅಂಗಡಿ ಸಾಕು. 2011ರ ಜನಗಣತಿಯಲ್ಲಿ ಹೊಸಪೇಟೆಯೇ ಎರಡು ಲಕ್ಷದ ಊರು. ಕಂಪ್ಲಿ, ಸಂಡೂರು ಎರಡೂ ನಲವತ್ತು ಸಾವಿರದ ಒಳಗಿನವು. ಹಂಪಿ ಒಂದು ಹಳ್ಳಿ. ಈಗ "ಹಂಪಿಯ ಹರಿಗೋಲು ನಡೆಸುವವನು", "ಸಂಡೂರಿನ ಹತ್ತಿರದ ತಾಂಡಾದಲ್ಲಿ ಕಸೂತಿ ಹಾಕುವ ವಿಧವೆ", "ದೋಣಿಮಲೈ ಟೌನ್‌ಶಿಪ್ಪಿನ ಮಾಸ್ತರರ ಎರಡನೇ ಮಗಳು" ಅಂತ ಬರೆದು ನೋಡಿ (ಇವು ಮೂರೂ ನಾನು ಉದಾಹರಣೆಗೆ ಕಟ್ಟಿದವು, ಯಾರೂ ಹುಡುಕಲು ಹೋಗಬೇಡಿ). ಇವುಗಳಲ್ಲಿ ಹೆಸರಿಲ್ಲ ನಿಜ. ಆದರೆ ನಮ್ಮ ಊರುಗಳಲ್ಲಿ ಜನ ಒಬ್ಬರನ್ನೊಬ್ಬರು ಕರೆಯೋದೇ ಹೀಗೆ. ಊರು, ಕಸುಬು, ಸಂಬಂಧ ಇವೇ ಅಲ್ಲಿ ಹೆಸರು. ಆಧಾರ್ ಕಾರ್ಡಿನ ಹೆಸರು ಮುಚ್ಚಿ ಊರಿನ ಹೆಸರು ಬರೆದಂಗಾಯಿತು.

*

ನ್ಯಾಯಾಲಯಗಳೂ ಈ ಗುಂಡಿಗೆ ಬಿದ್ದಿವೆ. ಸುಪ್ರೀಂ ಕೋರ್ಟಿನ 1998ರ ಒಂದು ತೀರ್ಪು ವೈದ್ಯಕೀಯ ಗುಟ್ಟಿನ ಬಗ್ಗೆ ಪಾಠ ಮಾಡುವವರೆಲ್ಲ ಉದಾಹರಿಸುವಂಥದ್ದು. ಎಚ್ಐವಿ ಇದೆ ಅನ್ನೋ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಒಬ್ಬನ ಮದುವೆ ಮುರಿಯಿತು, ಅವನು ಪರಿಹಾರ ಕೇಳಿದ, ಕೋರ್ಟು ಆಸ್ಪತ್ರೆಯ ತಪ್ಪಿಲ್ಲ ಅಂದಿತು. ತೀರ್ಪಿನ ತಲೆಬರಹದಲ್ಲಿ ಅವನ ಹೆಸರಿಲ್ಲ, 'ಎಕ್ಸ್' ಅಷ್ಟೇ. ಆಸ್ಪತ್ರೆಗೂ 'ಝಡ್'. ಆದರೆ ತೀರ್ಪಿನೊಳಗೆ ಕಾಲಿಟ್ಟರೆ ಅವನು ಯಾವ ರಾಜ್ಯದ ಸೇವೆಯಲ್ಲಿದ್ದ, ಏನು ಹುದ್ದೆ, ಏನು ಓದಿದ್ದ ಎಲ್ಲ ಸಿಗುತ್ತೆ. ಚಿಕ್ಕ ರಾಜ್ಯದ ಸರಕಾರಿ ನೌಕರ. ಅಲ್ಲಿಯವರಿಗೆ ಎಕ್ಸ್ ಯಾರು ಅಂತ ತಿಳಿಯಲು ಎಷ್ಟು ಹೊತ್ತು ಬೇಕು ಹೇಳಿ.

ಅದೇ ಎಚ್ಐವಿ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ನಡೆದ ಒಂದು ಒಳ್ಳೆಯ ಪದ್ಧತಿಯನ್ನೂ ಹೇಳಬೇಕು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆ ಶುರುವಾದಾಗ ಬಳ್ಳಾರಿ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಗಣಿ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ. ಆಗ ನಡೆದ ರಕ್ತಪರೀಕ್ಷೆಯ ಸರ್ವೇಗಳ ಫಲಿತಾಂಶ ಅಚ್ಚಾದದ್ದು ಜಿಲ್ಲೆಯ ಲೆಕ್ಕದಲ್ಲಿ. ಬಳ್ಳಾರಿ, ಬೆಳಗಾವಿ, ಮೈಸೂರು, ಶಿವಮೊಗ್ಗ, ಬೆಂಗಳೂರು ಅಂತ. ಓಣಿ ಯಾವುದು, ಹಳ್ಳಿ ಯಾವುದು ಅನ್ನೋ ಲೆಕ್ಕದಲ್ಲಿ ಅಲ್ಲ. ಲಕ್ಷಗಟ್ಟಲೆ ಜನರ ನಡುವೆ ಒಬ್ಬ ಅಡಗಿಕೊಳ್ಳಬಹುದು, ಒಂದು ಓಣಿಯಲ್ಲಿ ಆಗೋದಿಲ್ಲ.

ಊರಿನ ಹೆಸರೇ ರೋಗದ ಹೆಸರಾದರೆ ಏನಾಗುತ್ತೆ ಅನ್ನೋದಕ್ಕೆ ಶಿವಮೊಗ್ಗ ಜಿಲ್ಲೆ ನೋಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಕಾಯಿಲೆಗೆ ಕ್ಯಾಸನೂರಿನ ಹೆಸರು ಬಂತು. ಅದು ಕಾಡಿನ ಹೆಸರು, ಇರಲಿ. ಆದರೆ 1970ರ ದಶಕದಲ್ಲಿ ಸಾಗರದ ಹತ್ತಿರ ಮೂಳೆ ಮತ್ತು ಕೀಲುಗಳ ಒಂದು ಕಾಯಿಲೆ ಪತ್ತೆಯಾಯಿತು. ಅದಕ್ಕೆ ಹಂದಿಗೋಡು ಕಾಯಿಲೆ ಅಂತ ಹಳ್ಳಿಯ ಹೆಸರನ್ನೇ ಇಟ್ಟರು. ಅದು ವಂಶದಲ್ಲಿ ಇಳಿದು ಬರುವ ಕಾಯಿಲೆ. ನೂನಿಜ್ ವಿಜಯನಗರದ ಅರಸರ ಬಗ್ಗೆ ಬರೆದಂಥ ಮನೆತನದ ಕಾಯಿಲೆ. ಆದರೆ ಇಲ್ಲಿರುವವರು ಅರಸರಲ್ಲ, ಕೂಲಿ ಮಾಡುವವರು. ಆ ಹಳ್ಳಿಯ ಹೆಸರು ಹೇಳಿದ ತಕ್ಷಣ ಎದುರಿನವರಿಗೆ ಕಾಯಿಲೆಯೇ ನೆನಪಾದರೆ, ಆರೋಗ್ಯವಾಗಿರುವ ಹುಡುಗ ಹುಡುಗಿಯರೂ ಅದನ್ನು ಹೊತ್ತುಕೊಂಡೇ ಓಡಾಡಬೇಕು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಸಾಂಕ್ರಾಮಿಕ ರೋಗಗಳಿಗೆ ಊರಿನ, ಜನರ, ಕಸುಬಿನ ಹೆಸರು ಇಡಬೇಡಿ ಅಂತ ಹೇಳಿತು. ನಮ್ಮ ಹಳ್ಳಿಗಳಿಗೆ ಆ ಮಾತು ಬಹಳ ತಡವಾಗಿ ಬಂತು.

*

ಕಾಯಿದೆ ಏನು ಹೇಳುತ್ತೆ ಅಂತಲೂ ನೋಡಿದೆ. ವೈದ್ಯರ ನಡತೆಗೆ 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಮಾಡಿದ ನಿಯಮಗಳಿವೆ. ರೋಗಿಯ ಗುರುತು ಸಿಗುವಂತೆ ಅವರ ಫೋಟೋ ಅಥವಾ ಕೇಸಿನ ವಿವರವನ್ನು ಒಪ್ಪಿಗೆ ಇಲ್ಲದೆ ಯಾವ ಪತ್ರಿಕೆಯಲ್ಲೂ ಪ್ರಕಟಿಸಬಾರದು, ಗುರುತು ಸಿಗದಿದ್ದರೆ ಒಪ್ಪಿಗೆ ಬೇಕಿಲ್ಲ ಅಂತ ಅದರಲ್ಲಿದೆ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು. ಅದರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ವೈದ್ಯರು ಹೇಗಿರಬೇಕು ಅಂತ ಬೇರೆಯದೇ ಭಾಗ ಇತ್ತು. ಆದರೆ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದು 2002ರದ್ದನ್ನೇ ಮತ್ತೆ ಜಾರಿಗೆ ತಂದರು. 2017ರ ಮಾನಸಿಕ ಆರೋಗ್ಯ ಕಾಯಿದೆ, ಅದೇ ವರ್ಷದ ಎಚ್ಐವಿ ಕಾಯಿದೆ ಎರಡರಲ್ಲೂ ಗುಟ್ಟಿನ ಬಗ್ಗೆ ಬಿಗಿಯಾದ ಮಾತುಗಳಿವೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದೂ 2017ರಲ್ಲೇ. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅನ್ನೋದು ನಮಗೆಲ್ಲ ಹೆಮ್ಮೆ.

ಎಲ್ಲ ಸರಿ. ಆದರೆ 'ಗುರುತು ಸಿಗುವಂತೆ' ಅನ್ನೋ ಮಾತಿದೆಯಲ್ಲ, ಯಾರಿಗೆ ಗುರುತು ಸಿಗುವಂತೆ? ದೆಹಲಿಯಲ್ಲಿ ಕೂತವರಿಗೋ, ಚಿತ್ತವಾಡ್ಗಿಯಲ್ಲಿ ಕೂತವರಿಗೋ? ಬರೆಯುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಎರಡನೆಯವರನ್ನು.

ನಮ್ಮ ಪಕ್ಕದ ಗದಗಿನಲ್ಲಿ 2024ರ ಫೆಬ್ರವರಿಯಲ್ಲಿ 38 ವೈದ್ಯ ವಿದ್ಯಾರ್ಥಿಗಳು ಆಸ್ಪತ್ರೆಯ ಒಳಗೆ ರೀಲ್ಸ್ ಮಾಡಿ ಶಿಕ್ಷೆಗೆ ಒಳಗಾದದ್ದು ದೊಡ್ಡ ಸುದ್ದಿಯಾಯಿತು. ಹಾಡು, ಕುಣಿತ ಕಣ್ಣಿಗೆ ಬೀಳುತ್ತೆ, ಎಲ್ಲರೂ ಬೈದರು. ಒಳ್ಳೆಯ ಕನ್ನಡದಲ್ಲಿ, ಒದ್ದೆ ಕಣ್ಣಲ್ಲಿ ಬರೆದ ಬರಹವನ್ನು ಯಾರೂ ಬೈಯೋದಿಲ್ಲ. ಆದರೆ ರೋಗಿಗೆ ಯಾವುದರಿಂದ ಹೆಚ್ಚು ಹಾನಿ ಅಂತ ನನ್ನನ್ನು ಕೇಳಿದರೆ ನಾನು ಎರಡನೆಯದರ ಕಡೆ ಬೆರಳು ತೋರಿಸುತ್ತೇನೆ. 2008ರಲ್ಲಿ ಅಮೆರಿಕದಲ್ಲಿ ವೈದ್ಯರು, ನರ್ಸುಗಳು ಬರೆಯುವ 271 ಬ್ಲಾಗುಗಳನ್ನು ಓದಿ ಒಂದು ಅಧ್ಯಯನ ಬಂತು. 114ರಲ್ಲಿ ರೋಗಿಗಳ ಕತೆ ಇತ್ತು. 45ರಲ್ಲಿ, ಓದಿದ ರೋಗಿಗೆ ಇದು ನನ್ನ ಡಾಕ್ಟರು ಅಥವಾ ಇದು ನಾನೇ ಅಂತ ತಿಳಿಯುವಷ್ಟು ವಿವರ ಇತ್ತು. ಮೂರರಲ್ಲಿ ಗುರುತು ಸಿಗುವ ಫೋಟೋ. ಬರೆದವರೆಲ್ಲ ಕೆಟ್ಟವರೇನಲ್ಲ.

*

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅನ್ಯಾಯ. 2024ರ ನವೆಂಬರಿನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಆಗ ಆ ಮನೆಯವರು ತಾವೇ ಮುಂದೆ ಬಂದು ಹೆಸರು ಹೇಳಿ ಮಾತಾಡದೆ ಇದ್ದಿದ್ದರೆ? ಆಗ ಆ ಸಾವುಗಳು ಯಾವುದೋ ರಿಜಿಸ್ಟರಿನ ಅಂಕಿಯಾಗಿ ಉಳಿದುಬಿಡುತ್ತಿದ್ದವೇನೋ. "ರೋಗಿಯ ವಿಷಯ ಗೌಪ್ಯ" ಅಂತ ಹೇಳಿ ತಪ್ಪು ಮುಚ್ಚಿಕೊಳ್ಳೋದು ಯಾವ ವ್ಯವಸ್ಥೆಗಾದರೂ ಸುಲಭ.

ಅದಕ್ಕೇ ಗುಟ್ಟು ಯಾರದು ಅನ್ನೋದು ಮುಖ್ಯ. ಗುಟ್ಟು ರೋಗಿಯದು. ಹೇಳುವ ಹಕ್ಕೂ ಅವರದೇ, ಬಿಡುವ ಹಕ್ಕೂ ಅವರದೇ. ಮನೆಯವರು ಬೀದಿಗೆ ಬಂದು ಹೆಸರು ಹೇಳಿ ನ್ಯಾಯ ಕೇಳಿದರೆ ಅದು ಅವರ ಧೈರ್ಯ. ಆಸ್ಪತ್ರೆ ಅದನ್ನು ತನ್ನ ಗುರಾಣಿ ಮಾಡಿಕೊಳ್ಳುವ ಹಾಗಿಲ್ಲ, ವಿದ್ಯಾರ್ಥಿ ಅದನ್ನು ತನ್ನ ಕತೆಗೆ ಸಾಮಾನು ಮಾಡಿಕೊಳ್ಳುವ ಹಾಗೂ ಇಲ್ಲ.

ಹಾಗಾದರೆ ಹುಡುಗರು ಬರೆಯಲೇಬಾರದಾ? ಖಂಡಿತ ಬರೆಯಬೇಕು. 'ಕೊರವಂಜಿ'ಯ ರಾಶಿ ಡಾಕ್ಟರೇ ಅಲ್ಲವೇ, ಅನುಪಮಾ ನಿರಂಜನ ಡಾಕ್ಟರೇ ಅಲ್ಲವೇ. ವೈದ್ಯರು ಬರೆಯದಿದ್ದರೆ ಕನ್ನಡ ಎಷ್ಟು ಬಡವಾಗುತ್ತಿತ್ತು! ಅವರಲ್ಲಿ ಒಬ್ಬರು ನಗೆಬರಹದ ದಾರಿ ಹಿಡಿದರು, ಇನ್ನೊಬ್ಬರು ಕಾದಂಬರಿ ಬರೆದರು, ಜನರಿಗೆ ಆರೋಗ್ಯದ ತಿಳುವಳಿಕೆ ಹೇಳುವ ಪುಸ್ತಕಗಳನ್ನೂ ಬರೆದರು. 'ನಿನ್ನೆ ವಾರ್ಡಿನಲ್ಲಿ' ಅಂತ ಶುರುವಾಗುವ ಬರಹಕ್ಕೆ ಹೋಲಿಸಿದರೆ ಈ ದಾರಿಗಳಲ್ಲಿ ರೋಗಿಗೆ ಅಡಗಿಕೊಳ್ಳಲು ಜಾಗ ಹೆಚ್ಚು.

ನನಗೆ ತೋಚಿದ್ದು ಇಷ್ಟು. ರೋಗಿಯ ಒಪ್ಪಿಗೆ ಕೇಳೋದಾದರೆ ಹಾಸಿಗೆಯ ಪಕ್ಕ ನಿಂತು ಕೇಳಬೇಡಿ, ಅವರು ಗುಣವಾಗಿ ಮನೆಗೆ ಹೋದ ಮೇಲೆ ಕೇಳಿ, ಬರೆದದ್ದನ್ನು ಓದಿ ಹೇಳಿ. ಆಗ ಬೇಡ ಅನ್ನುವ ಶಕ್ತಿ ಅವರಿಗೆ ಬಂದಿರುತ್ತೆ. ಕೇಳಲಾಗದಿದ್ದರೆ ಊರು ತೆಗೆಯಿರಿ, ದಿನ ತೆಗೆಯಿರಿ, ಕಸುಬು ತೆಗೆಯಿರಿ, ಒಂದೆರಡು ವರ್ಷ ಕಾಯಿರಿ. ನಿಮ್ಮ ಹೆಸರು, ನಿಮ್ಮ ಕಾಲೇಜು ಗೊತ್ತಿದ್ದರೆ ರೋಗಿಯ ಊರು ಅರ್ಧ ಗೊತ್ತಾದ ಹಾಗೇ ಅನ್ನೋದನ್ನೂ ಮರೆಯಬೇಡಿ. ಗಣಿಯ ಧೂಳಿನ ಬಗ್ಗೆಯೇ ಹೇಳಬೇಕು, ಸಂಡೂರಿನ ಹೆಸರು ಬಿಟ್ಟರೆ ಮಾತಿಗೆ ಅರ್ಥವೇ ಇಲ್ಲ ಅಂತಿದ್ದರೆ, ಆಗ ಒಬ್ಬನ ಬಗ್ಗೆ ಬರೆಯಬೇಡಿ, ಧೂಳು ಕುಡಿದ ಹತ್ತಾರು ಜನರ ಬಗ್ಗೆ ಒಟ್ಟಿಗೆ ಬರೆಯಿರಿ. ಕೊನೆಗೆ, ಬರೆದದ್ದನ್ನು ಆ ರೋಗಿಯ ಪಕ್ಕದ ಮನೆಯವಳು ಓದುತ್ತಿದ್ದಾಳೆ ಅಂದುಕೊಂಡು ಒಮ್ಮೆ ಓದಿ. ಅವಳಿಗೆ ಗೊತ್ತಾಗದಿದ್ದರೆ ಯಾರಿಗೂ ಗೊತ್ತಾಗೋದಿಲ್ಲ.

ಇಷ್ಟೆಲ್ಲ ಬದಲಿಸಿದರೆ ಬರಹದ ಜೀವವೇ ಹೋಗುತ್ತೆ ಅಂತ ಒಬ್ಬ ಎಳೆಯ ಡಾಕ್ಟರು ನನ್ನ ಹತ್ತಿರ ವಾದ ಮಾಡಿದರು. ಹೋಗಬಹುದು. ಕಂಪ್ಲಿಯ ಗದ್ದೆಯ ವಾಸನೆ ಇಲ್ಲದ ಕಂಪ್ಲಿಯ ಕತೆ ಸಪ್ಪೆಯಾಗಬಹುದು. ಆದರೆ ಸಪ್ಪೆಯಾಗುವುದು ನಮ್ಮ ಬರಹ. ಇನ್ನೊಂದು ಕಡೆ ಇರುವುದು ಒಬ್ಬರ ಮನೆಯ ಮದುವೆ, ಕೂಲಿ, ನೀರಿನ ನಲ್ಲಿಯ ಹತ್ತಿರ ತಲೆಯೆತ್ತಿ ನಿಲ್ಲುವ ಧೈರ್ಯ.

ನಿಮ್ಮಲ್ಲಿ ಡಾಕ್ಟರುಗಳು, ನರ್ಸುಗಳು, ಡಾಕ್ಟರ ಮನೆಯವರು ಬೇಕಾದಷ್ಟು ಜನ ಇದ್ದೀರಿ. ಬರೆಯುವಾಗ ನೀವು ಏನನ್ನು ಬಿಡುತ್ತೀರಿ, ಏನನ್ನು ಇಟ್ಟುಕೊಳ್ಳುತ್ತೀರಿ? ಹೇಳಿ, ಕೇಳುವ ಆಸೆ ಇದೆ.